ಅಂಚೆಚೀಟಿ ಸಂಗ್ರಹ: ಒಂದೇ ದೇಶ ಸಾಕು



ಅಂಚೆಚೀಟಿ ಸಂಗ್ರಹವನ್ನು "ಹವ್ಯಾಸಗಳ ರಾಜ, ರಾಜರ ಹವ್ಯಾಸ" ಎಂದು ಹೇಳುತ್ತಾರೆ. ಮಾತು ಸುಳ್ಳಲ್ಲ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ಜಗತ್ತಿನ ಬಹು ದೊಡ್ಡ ಸಂಗ್ರಾಹಕರಲ್ಲಿ ಒಬ್ಬನಾಗಿದ್ದ. ಆದರೆ ನಮ್ಮ ಹತ್ತಿರ ರಾಜರ ಬೊಕ್ಕಸ ಇಲ್ಲ. ನಮ್ಮ ಶಾಲೆಯಲ್ಲಿ ಬಹಳಷ್ಟು ಮಂದಿಯ ಅಪ್ಪ ಅವ್ವ ಹೊಲಕ್ಕೆ, ಕೂಲಿಗೆ ಹೋಗುವವರು. ಅವರ ಬೆವರಿನ ದುಡ್ಡು ಕೇಳಿ ಚೀಟಿ ಕೊಂಡು ಆಲ್ಬಂ ತುಂಬಿಸುವುದು ನನಗಂತೂ ಸರಿ ಕಾಣುವುದಿಲ್ಲ. ಹಾಗಾದರೆ ನಮ್ಮಂಥವರು ಈ ಹವ್ಯಾಸ ಮಾಡೋದು ಹೇಗೆ? ನಾಲ್ಕು ವರ್ಷ ಚೀಟಿ ಕೂಡಿಸಿದ ಮೇಲೆ ನನಗೆ ಹೊಳೆದ ಉತ್ತರ ಇಷ್ಟೇ: ಜಗತ್ತೆಲ್ಲಾ ಬೇಡ, ಒಂದೇ ದೇಶ ಸಾಕು. ಆ ದೇಶ ನಮ್ಮದೇ ಆದರೆ ಇನ್ನೂ ಒಳ್ಳೆಯದು. ಯಾಕೆ, ಹೇಗೆ ಅನ್ನೋದನ್ನು ಈ ಲೇಖನದಲ್ಲಿ ತಿಳಿಸುತ್ತೇನೆ. ಸಂಪಾದಕರು ಎರಡು ಹಾಳೆ ಕೊಟ್ಟಿದ್ದರು, ನಾನು ಗೋಡೆಯ ಅರ್ಧ ಭಾಗ ತೆಗೆದುಕೊಂಡಿದ್ದೇನೆ. ನಿಂತು ಓದಿ ಕಾಲು ನೋವು ಬಂದರೆ ನಾಳೆ ಬಂದು ಮುಂದುವರಿಸಿ!

ಜಗತ್ತೆಲ್ಲಾ ಯಾಕೆ ಬೇಡ?

ಜಾತ್ರೆಯಲ್ಲಿ, ಪೇಟೆಯ ಅಂಗಡಿಯಲ್ಲಿ "ನೂರು ದೇಶಗಳ ಚೀಟಿ" ಎಂಬ ಪೊಟ್ಟಣ ಸಿಗುತ್ತದೆ. ನನ್ನ ಗೆಳೆಯನೊಬ್ಬ ಅಂಥದ್ದೊಂದು ತಂದಿದ್ದ. ಹುಲಿ, ಕಾರು, ರಾಕೆಟ್ಟು, ಫುಟ್ಬಾಲು, ಎಲ್ಲಾ ಬಣ್ಣ ಬಣ್ಣದ ಚೀಟಿಗಳು. ನಾವು ಒಂದನ್ನು ತಿರುಗಿಸಿ ನೋಡಿದೆವು. ಮೇಲೆ ಅಂಚೆ ಮುದ್ರೆ ಬಿದ್ದಿದೆ, ಹಿಂದೆ ಅಂಟು ಹಾಗೇ ಇದೆ! ಕವರಿಗೆ ಅಂಟಿಸಿ ಬಿಡಿಸಿದ ಚೀಟಿಗೆ ಹಿಂದೆ ಅಂಟು ಉಳಿಯುವುದುಂಟೇ?

ಇದರ ಗುಟ್ಟು ಹೀಗಿದೆ. ಕೆಲವು ದೇಶಗಳು ಕಾಗದ ಕಳಿಸುವುದಕ್ಕಲ್ಲ, ಸಂಗ್ರಾಹಕರಿಗೆ ಮಾರುವುದಕ್ಕೆಂದೇ ಚೀಟಿ ಅಚ್ಚು ಹಾಕಿಸುತ್ತವೆ. ಅಚ್ಚಾದ ಹಾಳೆಯ ಮೇಲೇ ಮುದ್ರೆಯನ್ನೂ ಒತ್ತಿ ಪೊಟ್ಟಣ ಕಟ್ಟುತ್ತಾರೆ. 1960 ಮತ್ತು 70ರ ದಶಕದಲ್ಲಿ ಅಜ್ಮಾನ್, ಫುಜೈರಾ ಮುಂತಾದ ಅರಬ್ ಸಂಸ್ಥಾನಗಳ ಹೆಸರಿನಲ್ಲಿ ಇಂಥ ಚೀಟಿಗಳು ರಾಶಿಗಟ್ಟಲೆ ಬಂದವು. ಆ ಸಂಸ್ಥಾನಗಳು ಈಗ ಸಂಯುಕ್ತ ಅರಬ್ ಸಂಸ್ಥಾನದ ಭಾಗ. ನಮ್ಮ ನೆರೆಯ ಭೂತಾನವು 1970ರ ದಶಕದ ಆರಂಭದಲ್ಲಿ ಗ್ರಾಮಫೋನ್ ತಟ್ಟೆಯಂಥ ಚೀಟಿಗಳನ್ನೇ ತಂದಿತು. ಅವನ್ನು ಗ್ರಾಮಫೋನಿನ ಮೇಲಿಟ್ಟರೆ ಹಾಡು ಕೇಳುತ್ತಿತ್ತು. ಮೋಜಿನ ವಸ್ತು, ಒಪ್ಪುತ್ತೇನೆ. ಆದರೆ ಪೊಟ್ಟಣದಲ್ಲಿದ್ದ ಆ ಹುಲಿ ಚೀಟಿ ಯಾರ ಮನೆಗೂ ಸುದ್ದಿ ಹೊತ್ತು ಹೋಗಿಲ್ಲ. ಯಾವ ಪೋಸ್ಟ್‌ಮನ್ನಿನ ಚೀಲದಲ್ಲೂ ಕುಳಿತಿಲ್ಲ.

ಎರಡನೇ ಕಾರಣ ಇನ್ನೂ ದೊಡ್ಡದು. ಅರವತ್ತು ದೇಶದ ಇನ್ನೂರು ಚೀಟಿ ಇಟ್ಟುಕೊಳ್ಳುವುದೆಂದರೆ ಅರವತ್ತು ಪುಸ್ತಕಗಳಿಂದ ಮೂರು ಮೂರು ಹಾಳೆ ಹರಿದಿಟ್ಟುಕೊಂಡ ಹಾಗೆ. ಯಾವ ಕಥೆಯೂ ತಿಳಿಯುವುದಿಲ್ಲ. ಅದೇ ಇನ್ನೂರು ಚೀಟಿ ಒಂದೇ ದೇಶದ್ದಾಗಿದ್ದು, ವರ್ಷದ ಸಾಲಿನಲ್ಲಿ ಜೋಡಿಸಿದರೆ ಒಂದರ ಪಕ್ಕ ಒಂದು ಮಾತಾಡಲು ಶುರು ಮಾಡುತ್ತವೆ. ಹೇಗೆ ಅಂತ ನೋಡೋಣ.

ಸಾಲಾಗಿ ಜೋಡಿಸಿದರೆ ಏನು ಕಾಣುತ್ತದೆ?

ಮೊದಲು ದೇಶದ ಹೆಸರು ನೋಡಿ. ಜಗತ್ತಿನ ಮೊದಲ ಅಂಚೆಚೀಟಿ 1840ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಬಂತು. ಅದರ ಹೆಸರು ಪೆನ್ನಿ ಬ್ಲ್ಯಾಕ್. ಅದರಲ್ಲಿ ರಾಣಿ ವಿಕ್ಟೋರಿಯಾಳ ಮುಖ ಇತ್ತು, ದೇಶದ ಹೆಸರು ಇರಲಿಲ್ಲ. ಇಂದಿಗೂ ಬ್ರಿಟನ್ ತನ್ನ ಚೀಟಿಯ ಮೇಲೆ ಹೆಸರು ಹಾಕುವುದಿಲ್ಲ. ಏಷ್ಯಾ ಖಂಡದ ಮೊದಲ ಚೀಟಿ 1852ರಲ್ಲಿ ಸಿಂಧ್ ಪ್ರಾಂತ್ಯದಲ್ಲಿ ಬಂದ "ಸಿಂಧ್ ಡಾಕ್". ಬೆಲೆ ಅರ್ಧ ಆಣೆ. ಅದು ನಡೆದದ್ದು ಸಿಂಧ್ ಭಾಗದಲ್ಲಿ ಮಾತ್ರ. ಬ್ರಿಟಿಷ್ ಭಾರತಕ್ಕೆಲ್ಲಾ ಸಲ್ಲುವ ಚೀಟಿ ಬಳಕೆಗೆ ಬಂದದ್ದು 1854ರ ಅಕ್ಟೋಬರ್ 1ರಂದು. ಅದನ್ನು ಕಲ್ಕತ್ತೆಯಲ್ಲೇ ಅಚ್ಚು ಹಾಕಿದರು. ಅದರ ಮೇಲೆ "ಇಂಡಿಯಾ" ಎಂದಷ್ಟೇ ಇತ್ತು.

ಆಮೇಲೆ ಲಂಡನ್ನಿನಲ್ಲಿ ಅಚ್ಚಾಗಿ ಬಂದ ಚೀಟಿಗಳ ಮೇಲೆ "ಈಸ್ಟ್ ಇಂಡಿಯಾ ಪೋಸ್ಟೇಜ್" ಎಂದು ಬಂತು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಬಂತು ಎಂದು ನಾವು ಸಮಾಜ ಪಾಠದಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಚೀಟಿಯ ಮೇಲಿನ "ಈಸ್ಟ್ ಇಂಡಿಯಾ" 1882ರವರೆಗೂ ಹೋಗಲಿಲ್ಲ! ಆ ವರ್ಷದ ಹೊಸ ಚೀಟಿಗಳಿಂದ ಮುಂದೆ "ಇಂಡಿಯಾ ಪೋಸ್ಟೇಜ್" ಆಯಿತು. 1947ರಲ್ಲಿ ದೇವನಾಗರಿಯಲ್ಲಿ "ಜೈ ಹಿಂದ್" ಬಂತು. 1962ರ ಸುಮಾರಿಗೆ ಹಿಂದಿಯಲ್ಲಿ "ಭಾರತ", ಇಂಗ್ಲಿಷಿನಲ್ಲಿ "ಇಂಡಿಯಾ" ಎರಡೂ ಒಟ್ಟಿಗೆ ಕಾಣಿಸಿಕೊಂಡವು. ನೋಡಿದಿರಾ? ಚಿತ್ರ ನೋಡದೆ, ಬರೀ ಹೆಸರು ಓದಿದರೇ ಒಂದು ಪಾಠ ಆಯಿತು.

ಇನ್ನು ಚಿತ್ರ. 1949ರ ಆಗಸ್ಟ್ 15ರಂದು ಸ್ವತಂತ್ರ ಭಾರತದ ಮೊದಲ ನಿತ್ಯಬಳಕೆಯ ಸಾಲು ಬಂತು. ನಿತ್ಯಬಳಕೆಯ ಚೀಟಿ ಎಂದರೆ ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚಾಗುವ ಮಾಮೂಲಿ ಚೀಟಿ. ಯಾವುದೋ ವ್ಯಕ್ತಿ ಅಥವಾ ಘಟನೆಯ ನೆನಪಿಗೆ ಒಮ್ಮೆ ಮಾತ್ರ ಅಚ್ಚಾಗುವುದು ಸ್ಮಾರಕ ಚೀಟಿ. 1949ರ ಆ ಸಾಲಿನಲ್ಲಿ 16 ಬೆಲೆಯ ಚೀಟಿಗಳು. ಅಜಂತಾ, ಕೋಣಾರ್ಕದ ಕುದುರೆ, ನಟರಾಜ, ಸಾಂಚಿ, ತಾಜಮಹಲ್, ಕುತುಬ್ ಮಿನಾರ್ ಎಲ್ಲಾ ಇವೆ. 6 ಆಣೆಯ ಚೀಟಿಯಲ್ಲಿ ನಮ್ಮ ವಿಜಯಪುರದ ಗೋಳಗುಮ್ಮಟ ಇದೆ. ಹೊಸದಾಗಿ ಹುಟ್ಟಿದ ದೇಶ "ನಾನು ಹಳೆಯ ಮನೆತನದವಳು" ಎಂದು ಹೇಳಿಕೊಂಡ ಹಾಗಿದೆ, ಅಲ್ಲವೇ?

ಇದರ ಮುಂದಿನ ನಿತ್ಯಬಳಕೆಯ ಸಾಲು 1955ರ ಜನವರಿ 26ರಂದು ಬಂತು. ಗುಡಿ, ಗುಮ್ಮಟ ಒಂದೂ ಇಲ್ಲ! ಟ್ರ್ಯಾಕ್ಟರು, ವಿದ್ಯುತ್ ಮಗ್ಗ, ಎತ್ತು ಕಟ್ಟಿ ನೀರೆತ್ತುವ ಬಾವಿ, ಅಣೆಕಟ್ಟು, ಮಲೇರಿಯಾ ನಿರ್ಮೂಲನೆ, ರೈಲು ಎಂಜಿನ್ನು, ಸಿಂದ್ರಿಯ ಗೊಬ್ಬರದ ಕಾರ್ಖಾನೆ. 12 ಆಣೆಯ ಚೀಟಿಯಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ. ಪಂಚವಾರ್ಷಿಕ ಯೋಜನೆಯ ಕಾಲ ಅದು. ಆರೇ ವರ್ಷದಲ್ಲಿ ದೇಶದ ಕಣ್ಣು ಹಿಂದಿನಿಂದ ಮುಂದಕ್ಕೆ ಹೊರಳಿತು. 1968ರಲ್ಲಿ ಗೋಧಿ ಕ್ರಾಂತಿಯ ಸ್ಮಾರಕ ಚೀಟಿ ಬಂತು. 1979ರಿಂದ ಶುರುವಾದ ನಿತ್ಯಬಳಕೆಯ ಸಾಲಿನಲ್ಲಿ ನೀರಾವರಿ, ಮೊಟ್ಟೆಯೊಡೆದು ಬರುವ ಕೋಳಿಮರಿ, ಹತ್ತಿ ಗಿಡ, ಕೈಮಗ್ಗ ಇವೆ. ಅಂದರೆ ನಮ್ಮೂರಿನ ಬದುಕೇ ಚೀಟಿಯ ಮೇಲೆ ಬಂದಿದೆ. 1949ರ ಚೀಟಿ ಒಂದೇ ಇದ್ದರೆ ಅದು ಬರೀ ಚಿತ್ರ. ಪಕ್ಕದಲ್ಲಿ 1955ರದ್ದು ಇಟ್ಟರೆ ಅದು ಇತಿಹಾಸ.

ಮೂರನೆಯದು ಬೆಲೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ. ಅಂದಿನಿಂದ ರೂಪಾಯಿಗೆ 100 ಪೈಸೆ ಆಯಿತು, ಹಳೆಯ ಪೈಸೆಯೊಂದಿಗೆ ಗೊಂದಲ ಆಗದಿರಲೆಂದು "ನಯಾ ಪೈಸಾ" ಎಂದು ಕರೆದರು. ಒಂದು ಆಣೆ ಅಂದರೆ ಆರೂಕಾಲು ನಯಾ ಪೈಸೆ. ಆ ವರ್ಷ ಭಾರತದ ನಕ್ಷೆ ಇರುವ ಹೊಸ ಚೀಟಿಗಳು ಬಂದವು. 1964ರಲ್ಲಿ "ನಯಾ" ಬಿಟ್ಟುಹೋಯಿತು. ಹೀಗಾಗಿ ಬೆಲೆಯನ್ನು ನೋಡಿದರೇ ಚೀಟಿ ಯಾವ ಕಾಲದ್ದು ಅಂತ ಹೇಳಬಹುದು. ನಮ್ಮ ಮನೆಯಲ್ಲಿ ಅಜ್ಜ ಈಗಲೂ "ನಾಕಾಣೆ" ಅಂತಾರೆ. ನಾಲ್ಕು ಆಣೆ ಅಂದರೆ 25 ಪೈಸೆ ಯಾಕೆ ಅನ್ನೋದು ನನಗೆ ಗೊತ್ತಾದದ್ದು ಗಣಿತದ ಪುಸ್ತಕದಿಂದಲ್ಲ, ಚೀಟಿಯಿಂದ.

ನಮ್ಮೂರು ಯಾವ ದೇಶದ್ದು?

ಒಂದೇ ದೇಶ ಅಂದೆ. ಆದರೆ ಒಂದು ದೇಶ ಎಂದರೆ ಯಾವುದು? ನಮ್ಮ ಕೊಪ್ಪಳ ಸೀಮೆಯವರಿಗೆ ಇದು ಸುಲಭದ ಪ್ರಶ್ನೆ ಅಲ್ಲ. ಯಾಕೆಂದರೆ 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಹೈದರಾಬಾದು ಸಂಸ್ಥಾನದವರು. ಹೈದರಾಬಾದಿಗೆ ತನ್ನದೇ ಟಪಾಲು, ತನ್ನದೇ ಚೀಟಿ ಇತ್ತು. 1869ರಲ್ಲಿ ಆರಂಭವಾದ ಆ ಚೀಟಿಗಳು 1950ರವರೆಗೆ ನಡೆದವು. ಅವು ಸಂಸ್ಥಾನದೊಳಗೆ ಮಾತ್ರ ಸಲ್ಲುತ್ತಿದ್ದವು. ಹೊರಗಿನ ಊರಿಗೆ ಕಾಗದ ಹಾಕಬೇಕಾದರೆ ಇಂಡಿಯಾದ ಚೀಟಿಯೇ ಬೇಕಿತ್ತು. ನಮ್ಮ ಮುತ್ತಜ್ಜನ ಕಾಲದಲ್ಲಿ ರಾಯಚೂರಿಗೆ ಬರೆದರೆ ಒಂದು ಚೀಟಿ, ಹುಬ್ಬಳ್ಳಿಗೆ ಬರೆದರೆ ಇನ್ನೊಂದು ಚೀಟಿ!

1871ರಿಂದ ಬಂದ ಹೈದರಾಬಾದಿನ ಚೀಟಿಗಳಲ್ಲಿ ನಡುವೆ ಅರಬ್ಬಿ ಅಕ್ಷರ, ಸುತ್ತ ಇಂಗ್ಲಿಷ್, ತೆಲುಗು, ಮರಾಠಿ ಬರಹ ಇದೆ. ಕನ್ನಡ ಇಲ್ಲ. ರಾಯಚೂರು, ಕಲಬುರಗಿ, ಬೀದರಿನ ಲಕ್ಷಾಂತರ ಜನ ಕನ್ನಡ ಮಾತಾಡುತ್ತಿದ್ದರು. ಚೀಟಿ ಕೊಂಡು ಅಂಟಿಸುತ್ತಿದ್ದರು. ಅದರ ಮೇಲೆ ಅವರ ನುಡಿಗೆ ಜಾಗ ಇರಲಿಲ್ಲ. ಇದನ್ನು ನನಗೆ ಯಾರೂ ಪಾಠ ಮಾಡಿರಲಿಲ್ಲ, ಬೆರಳಿನ ಉಗುರಿನಷ್ಟು ಕಾಗದ ಹೇಳಿತು. ಆದರೆ 1931ರ ಹೈದರಾಬಾದು ಸಾಲಿನಲ್ಲಿ ಒಂದು ಸಂತೋಷದ ವಿಷಯವೂ ಇದೆ. ಚಾರಮಿನಾರ್, ಅಜಂತಾ ಗುಹೆಯ ಬಾಗಿಲು, ದೌಲತಾಬಾದಿನ ಗೋಪುರದ ಜೊತೆಗೆ 12 ಆಣೆಯ ಚೀಟಿಯ ಮೇಲೆ ನಮ್ಮ ಬೀದರಿನ ಮಹಮೂದ್ ಗವಾನರ ಮದರಸಾ ಇದೆ.

ಮೈಸೂರಿನ ಕಡೆಯ ಕಥೆ ಬೇರೆ. ಅಲ್ಲಿ "ಅಂಚೆ" ಎಂಬ ಸ್ವಂತ ಟಪಾಲು ವ್ಯವಸ್ಥೆ ಅರಸರ ಕಾಲದಿಂದ ಇತ್ತು. ನಾವೆಲ್ಲಾ ಬರೆಯುವ ಅಂಚೆ ಎಂಬ ಮಾತಿಗೆ ಆ ವ್ಯವಸ್ಥೆಯಿಂದಲೇ ಬಲ ಬಂತು. ಆದರೆ ಮೈಸೂರು ಸಂಸ್ಥಾನ ತನ್ನದೇ ಅಂಚೆಚೀಟಿ ಹೊರಡಿಸಲಿಲ್ಲ. 1889ರಲ್ಲಿ ಅಂಚೆ ಬ್ರಿಟಿಷ್ ಇಂಡಿಯಾದ ಟಪಾಲಿನೊಳಗೆ ಸೇರಿಹೋಯಿತು. ಆದ್ದರಿಂದ "ಭಾರತ ಮಾತ್ರ ಕೂಡಿಸುತ್ತೇನೆ" ಎನ್ನುವ ನನ್ನ ಆಲ್ಬಮ್ಮಿನಲ್ಲಿ ಹೈದರಾಬಾದಿಗೆ ಒಂದು ಪುಟ ಬೇರೆಯಾಗಿ ಇಟ್ಟಿದ್ದೇನೆ. ಆ ಪುಟದಲ್ಲಿ ಸದ್ಯಕ್ಕೆ ಇರುವುದು ಎರಡೇ ಚೀಟಿ. ಇರಲಿ.

ಖಾಲಿ ಚೌಕವೂ ಮಾತಾಡುತ್ತದೆ

ಒಂದೇ ದೇಶದ ಸಂಗ್ರಹದಲ್ಲಿ ಮಾತ್ರ ಸಿಗುವ ಒಂದು ಸುಖ ಇದೆ. ನಿಮ್ಮಲ್ಲಿ ಏನಿಲ್ಲ ಅನ್ನೋದು ನಿಮಗೆ ಗೊತ್ತಾಗುತ್ತದೆ. ಎಲ್ಲಾ ದೇಶದ್ದು ಕೂಡಿಸುವವನಿಗೆ ಖಾಲಿ ಜಾಗ ಕಾಣುವುದೇ ಇಲ್ಲ.

ಒಂದು ಉದಾಹರಣೆ. ಇಂಡಿಯಾದ ಚೀಟಿಯ ಮೇಲೆ ರಾಣಿ ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್ ಇದ್ದಾರೆ. ನಡುವೆ ಎಂಟನೇ ಎಡ್ವರ್ಡ್ ಎಂಬ ದೊರೆ ಇದ್ದ, ಅವನ ಚೀಟಿ ಎಲ್ಲಿ? ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅವನು 1936ರಲ್ಲಿ ಪಟ್ಟಕ್ಕೆ ಬಂದು ಅದೇ ವರ್ಷ ಡಿಸೆಂಬರಿನಲ್ಲಿ ಬಿಟ್ಟುಕೊಟ್ಟ. ಅವನ ಚಿತ್ರದ ಇಂಡಿಯಾ ಚೀಟಿ ಬರಲೇ ಇಲ್ಲ.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. 1947ರ ಆಗಸ್ಟ್ 15ರಂದು ಸ್ವತಂತ್ರ ಭಾರತದ ಚೀಟಿ ಯಾವುದು? ಯಾವುದೂ ಇಲ್ಲ! ನಮ್ಮ ಮೊದಲ ಚೀಟಿ ಬಂದದ್ದು ಅದೇ ವರ್ಷ ನವೆಂಬರ್ 21ಕ್ಕೆ. ತ್ರಿವರ್ಣ ಧ್ವಜದ ಮೂರೂವರೆ ಆಣೆಯ ಚೀಟಿ. ಅದರ ಹಿಂದೆಯೇ ಡಿಸೆಂಬರ್ 15ಕ್ಕೆ ಅಶೋಕನ ಸಿಂಹಗಳ ಒಂದೂವರೆ ಆಣೆಯದು ಮತ್ತು ವಿಮಾನದ 12 ಆಣೆಯದು ಬಂದವು. ಹಾಗಾದರೆ ಸ್ವಾತಂತ್ರ್ಯ ಬಂದ ದಿನ ಜನ ಕಾಗದಕ್ಕೆ ಏನು ಅಂಟಿಸಿದರು? ಅದೇ ಆರನೇ ಜಾರ್ಜನ ತಲೆ ಇದ್ದ ಚೀಟಿಯನ್ನೇ. ಆದರೆ ಆ ದಿನದಿಂದ ಅಂಚೆ ಕಚೇರಿಗಳಲ್ಲಿ "ಜೈ ಹಿಂದ್" ಎಂಬ ಅಕ್ಷರದ ಮುದ್ರೆ ಬಳಕೆಗೆ ಬಂತು. ದೊರೆಯ ತಲೆಯ ಮೇಲೆ "ಜೈ ಹಿಂದ್" ಎಂದು ಠಪ್ಪನೆ ಬಿದ್ದ ಮುದ್ರೆ! ನನ್ನ ಹತ್ತಿರ ಇಲ್ಲ. ಅದಕ್ಕೆ ಒಂದು ಚೌಕ ಬಿಟ್ಟಿದ್ದೇನೆ.

ಗಾಂಧೀಜಿಯವರ ನಾಲ್ಕು ಚೀಟಿ 1948ರ ಆಗಸ್ಟ್ 15ರಂದು ಬಂದವು. ಅವು ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದವು, "ಬಾಪು" ಎಂದು ಹಿಂದಿ ಮತ್ತು ಉರ್ದು ಎರಡರಲ್ಲೂ ಬರೆದಿದೆ. ಅದರಲ್ಲಿ 10 ರೂಪಾಯಿಯ ಚೀಟಿ ಆ ಕಾಲದ ಬಡವನ ಕೈಗೆ ಎಟಕುವಂಥದ್ದಲ್ಲ. ನಮ್ಮ ಕೈಗೂ ಎಟಕುವುದಿಲ್ಲ. ಅದಕ್ಕೂ ಚೌಕ ಖಾಲಿ. ಖಾಲಿ ಚೌಕದ ಕೆಳಗೆ ಪೆನ್ಸಿಲಿನಲ್ಲಿ ವಿವರ ಬರೆದಿಟ್ಟರೆ ಸಾಕು, ತಿಳಿವಳಿಕೆಯಂತೂ ನಮ್ಮದಾಯಿತಲ್ಲ.

ಕರ್ನಾಟಕದವರ ಚೀಟಿ ಕೂಡಿಸಬೇಕೆಂದು ಇರುವವರಿಗೆ ಸಣ್ಣ ಪಟ್ಟಿ ಕೊಡುತ್ತೇನೆ: ಸರ್ ಎಂ. ವಿಶ್ವೇಶ್ವರಯ್ಯ (1960), ಪುರಂದರದಾಸರು (1964), ಬಸವೇಶ್ವರರು (1967), ಟಿಪ್ಪು ಸುಲ್ತಾನ್ (1974), ಕಿತ್ತೂರು ಚೆನ್ನಮ್ಮ (1977). ಇವರಲ್ಲಿ ವಿಶ್ವೇಶ್ವರಯ್ಯನವರಿಗೆ ಒಂದು ವಿಶೇಷ ಇದೆ. ಚೀಟಿ ಬಂದಾಗ ಅವರು ಬದುಕಿದ್ದರು! ತೀರಿಕೊಂಡದ್ದು 1962ರಲ್ಲಿ. ಅವರಿಗಿಂತ ಮುಂಚೆ, 1958ರಲ್ಲಿ, ಬದುಕಿದ್ದಾಗಲೇ ಚೀಟಿಯ ಮೇಲೆ ಬಂದವರು ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದ ಧೋಂಡೋ ಕೇಶವ ಕರ್ವೆ.

ಐದು ಪೈಸೆಯ ಕಥೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೆಯ ಕವರು ಸಿಕ್ಕರೆ ಚೀಟಿಯನ್ನು ಹರಿದುಕೊಳ್ಳಬೇಡಿ. ಯಾಕೆಂದು ಹೇಳುತ್ತೇನೆ.

ನಮ್ಮ ಓಣಿಯಲ್ಲಿ ವಯಸ್ಸಾದ ದೊಡ್ಡವ್ವ ಒಬ್ಬರಿದ್ದಾರೆ. ಅವರ ಮನೆಯ ಕಂಬಕ್ಕೆ ಒಂದು ಬಾಗಿದ ತಂತಿ ನೇತುಬಿದ್ದಿತ್ತು. ಬಂದ ಕಾಗದಗಳನ್ನೆಲ್ಲಾ ಅದಕ್ಕೆ ಚುಚ್ಚಿ ಇಡುವುದು ಹಿಂದಿನವರ ರೂಢಿ. ಲೈಟಿನ ಬಿಲ್ಲು, ರಸೀದಿ, ಮದುವೆ ಕಾಗದ, ಕ್ಷೇಮ ಸಮಾಚಾರ, ಎಲ್ಲಾ ಒಂದೇ ತಂತಿಗೆ. ನಾನು ಹೋಗಿ ಕೇಳಿದೆ.

"ದೊಡ್ಡವ್ವ, ಹಳೇ ಕವರ್ ಇದ್ರ ನೋಡಬೇಕಿತ್ತು."

"ಅದರಾಗ ಏನ್ ನೋಡ್ತಿಯಪಾ, ಎಲ್ಲಾ ಸತ್ತವರ ಕಾಗದ ಅವು. ನೋಡು, ಆದ್ರ ಹರೀಬ್ಯಾಡ."

ಅದರಲ್ಲಿ ಮುಂಬೈಗೆ ದುಡಿಯಲು ಹೋಗಿದ್ದ ಅವರ ಅಣ್ಣ 1972ರಲ್ಲಿ ಹಾಕಿದ ಒಂದು ಕವರು ಇತ್ತು. ತಂತಿಯ ತೂತು ನಡುವೆ ಬಿದ್ದಿತ್ತು. ಮಾಮೂಲಿ ಚೀಟಿಯ ಪಕ್ಕದಲ್ಲಿ ಇನ್ನೊಂದು ಕೆಂಪು ಚೀಟಿ, ಬೆಲೆ ಐದು ಪೈಸೆ. ಮೇಲೆ "ರೆಫ್ಯೂಜಿ ರಿಲೀಫ್" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಂದರೆ ನಿರಾಶ್ರಿತರ ನೆರವು.

ಇದರ ಹಿನ್ನೆಲೆ ಹೀಗಿದೆ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ದೊಡ್ಡ ಹಿಂಸೆ ನಡೆದು ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಅವರಿಗೆ ಅನ್ನ, ನೆರಳು ಕೊಡಬೇಕಿತ್ತು. ಸರ್ಕಾರ 1971ರ ನವೆಂಬರ್ 15ರಿಂದ ಕಾಗದಗಳ ಮೇಲೆ ಐದು ಪೈಸೆಯ ತೆರಿಗೆ ಹಾಕಿತು. ಹೊಸ ಚೀಟಿ ಅಚ್ಚು ಹಾಕಲು ಪುರುಸೊತ್ತಿರಲಿಲ್ಲ. ಕುಟುಂಬ ಯೋಜನೆಯ ಐದು ಪೈಸೆಯ ಚೀಟಿಯ ಮೇಲೇ "ರೆಫ್ಯೂಜಿ ರಿಲೀಫ್" ಎಂದು ಒತ್ತಿ ಮಾರಿದರು. ಕೆಲವು ಕಡೆ ಸ್ಥಳೀಯವಾಗಿಯೇ ಒತ್ತಿಕೊಂಡರು. ಹಾಗೆ ಬೆಂಗಳೂರಿನಲ್ಲಿ ಒತ್ತಿದ್ದೂ ಉಂಟು. ಡಿಸೆಂಬರ್ 1ರಂದು ನಿರಾಶ್ರಿತರ ಚಿತ್ರದ ಚೀಟಿಯೇ ಬಂತು. 1973ರ ಮಾರ್ಚ್ ಕೊನೆಯವರೆಗೆ ಈ ತೆರಿಗೆ ಇತ್ತು.

ನಾನು ಇದನ್ನೆಲ್ಲಾ ದೊಡ್ಡವ್ವನಿಗೆ ಹೇಳಿದೆ. ಅವರು ಕವರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಹಂಗಾದ್ರ ನಮ್ಮಣ್ಣ ಐದು ಪೈಸಾ ಆ ಮಂದಿ ಹೊಟ್ಟೀಗೆ ಹಾಕ್ಯಾನ ಅನ್ನು. ತಾನ ಅಲ್ಲಿ ಅರೆಹೊಟ್ಟೀಲಿ ಇದ್ದ."

ಆಮೇಲೆ ಒಳಗಿನ ಕಾಗದ ತೆಗೆದು ಸೆರಗಿನಲ್ಲಿ ಇಟ್ಟುಕೊಂಡು, "ಬರದಿದ್ದು ನನ್ನ ಕಡೆನ ಇರ್ಲಿ, ಕವರ್ ನೀ ಒಯ್ಯಿ" ಅಂದರು.

ಗೆಳೆಯರೇ, ಆ ಕೆಂಪು ಚೀಟಿ ಅಂಗಡಿಯಲ್ಲಿ ಬಿಡಿಯಾಗಿ ಬಹಳ ಕಡಿಮೆ ದುಡ್ಡಿಗೆ ಸಿಗಬಹುದು. ಆದರೆ ಮುಂಬೈಯ ಮುದ್ರೆ, ನಮ್ಮೂರಿನ ಮುದ್ರೆ, ವಿಳಾಸ ಎಲ್ಲಾ ಇರುವ ಈ ಕವರು ಬೇರೆಲ್ಲೂ ಸಿಗದು. ಚೀಟಿ ಹರಿದುಕೊಂಡಿದ್ದರೆ ಎಲ್ಲಿಂದ ಎಲ್ಲಿಗೆ, ಯಾವಾಗ, ಯಾರು ಎಂಬುದೆಲ್ಲಾ ಹೋಗುತ್ತಿತ್ತು. ಇನ್ನೊಂದು ಮಾತು: ಬೇರೆಯವರ ಕಾಗದ ಓದಬೇಡಿ. ಕೇಳದೆ ಮುಟ್ಟಬೇಡಿ. ಚೀಟಿ ನಮ್ಮ ಹವ್ಯಾಸ, ಕಾಗದ ಅವರ ಬದುಕು.

ದುಡ್ಡಿಲ್ಲದೆ ಶುರು ಮಾಡುವುದು ಹೇಗೆ?

1. ಮೊದಲು ಗಡಿ ಹಾಕಿಕೊಳ್ಳಿ. ಭಾರತವೊಂದೇ ಆದರೂ ಅದು ದೊಡ್ಡದು. "1947ರಿಂದ ಈಚೆಗೆ" ಎಂದೋ, "ನಿತ್ಯಬಳಕೆಯ ಚೀಟಿ ಮಾತ್ರ" ಎಂದೋ ಗೊತ್ತು ಮಾಡಿಕೊಳ್ಳಿ. ಬಡ ಸಂಗ್ರಾಹಕರಿಗೆ ನಿತ್ಯಬಳಕೆಯ ಚೀಟಿಯೇ ಒಳ್ಳೆಯದು, ಯಾಕೆಂದರೆ ಮನೆಮನೆಯ ಕವರಿನಲ್ಲಿ ಇರುವುದು ಅದೇ.

2. ಮನೆ, ನೆಂಟರ ಮನೆ, ಸೊಸೈಟಿ, ಗ್ರಾಮ ಪಂಚಾಯಿತಿ, ನಮ್ಮ ಶಾಲೆಯ ಆಫೀಸು, ಇಲ್ಲೆಲ್ಲಾ ಬಂದ ಕವರುಗಳನ್ನು ವಿನಯದಿಂದ ಕೇಳಿ. ಹಿರಿಯರು ಇದನ್ನು "ಟಿಕೀಟು" ಅಂತಾರೆ. ಹಾಗೇ ಕೇಳಿದರೆ ಬೇಗ ತಿಳಿಯುತ್ತದೆ.

3. ಹಳೆಯ ಕವರು, ಮುದ್ರೆ ಸ್ಪಷ್ಟ ಇರುವ ಕವರು, ಕಾರ್ಡು, ಇನ್‌ಲ್ಯಾಂಡು, ಇವನ್ನು ಹಾಗೇ ಇಡಿ. ಕಾರ್ಡು ಮತ್ತು ಇನ್‌ಲ್ಯಾಂಡಿನ ಮೇಲೆ ಚೀಟಿ ಅಚ್ಚಾಗಿಯೇ ಬಂದಿರುತ್ತದೆ. ಅದನ್ನು ಕತ್ತರಿಸಿದರೆ ಎರಡೂ ಹಾಳು.

4. ಮಾಮೂಲಿ ಹೊಸ ಕವರಾದರೆ ಚೀಟಿಯ ಸುತ್ತ ಒಂದು ಬೆರಳಿನಷ್ಟು ಬಿಟ್ಟು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ಬಿಡಿ. ಚೀಟಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಉಗುರಿನಿಂದ ಕೆರೆಯಬೇಡಿ. ಬಣ್ಣದ ಕವರಿನ ತುಂಡನ್ನು ಬೇರೆ ಬಟ್ಟಲಲ್ಲಿ ಹಾಕಿ, ಇಲ್ಲದಿದ್ದರೆ ಬಣ್ಣ ಇಳಿದು ಎಲ್ಲಕ್ಕೂ ಹತ್ತುತ್ತದೆ.

5. ಹಿಂಭಾಗ ಮೇಲೆ ಬರುವಂತೆ ಬಿಳಿ ಕಾಗದದ ಮೇಲೆ ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ದಪ್ಪ ಪುಸ್ತಕದೊಳಗೆ ಒಂದು ರಾತ್ರಿ ಇಟ್ಟರೆ ಸುಕ್ಕು ಹೋಗುತ್ತದೆ.

6. ಗೋಂದು, ಅನ್ನದ ಅಗುಳು, ಸೆಲ್ಲೋಟೇಪು ಬೇಡವೇ ಬೇಡ. ಟೇಪು ಕೆಲವೇ ವರ್ಷದಲ್ಲಿ ಹಳದಿಯಾಗಿ ಚೀಟಿಯನ್ನು ತಿನ್ನುತ್ತದೆ. ಡ್ರಾಯಿಂಗ್ ಪುಸ್ತಕದ ಹಾಳೆಗೆ ತೆಳುವಾದ ಬೆಣ್ಣೆ ಕಾಗದದ ಪಟ್ಟಿ ಹಚ್ಚಿ, ಚೀಟಿಯನ್ನು ಅದರೊಳಗೆ ಸಿಕ್ಕಿಸಿ ಇಡಬಹುದು. ನನ್ನ ಆಲ್ಬಂ ಅಂಥದ್ದೇ.

7. ಅಂಚಿನ ಹಲ್ಲು ಮುರಿದ, ಮಧ್ಯೆ ಹರಿದ ಚೀಟಿ ಆದರೂ ಒಳ್ಳೆಯದು ಸಿಗುವವರೆಗೆ ಇಟ್ಟುಕೊಳ್ಳಿ. ಸಿಕ್ಕ ಮೇಲೆ ತಮ್ಮ ತಂಗಿಯರಿಗೆ ಕೊಡಿ.

8. ಪ್ರತಿ ಪುಟದ ಮೇಲೆ ವರ್ಷ ಬರೆಯಿರಿ. ಪ್ರತಿ ಚೀಟಿಯ ಕೆಳಗೆ ಒಂದು ಸಾಲು ಬರೆಯಿರಿ: ಏನು, ಯಾವಾಗ, ಯಾರ ಕೊಡುಗೆ. "ಯಾರ ಕೊಡುಗೆ" ಎಂಬುದನ್ನು ಮರೆಯಬೇಡಿ.

ಹೊಸ ಚೀಟಿಗಳಲ್ಲಿ ವಿಚಿತ್ರವಾದವೂ ಇವೆ. 2006ರಲ್ಲಿ ಶ್ರೀಗಂಧದ ವಾಸನೆಯ ಚೀಟಿ, 2011ರಲ್ಲಿ ಖಾದಿ ಬಟ್ಟೆಯ ಮೇಲೆ ಅಚ್ಚು ಹಾಕಿದ ಗಾಂಧೀಜಿ ಚೀಟಿ, 2017ರಲ್ಲಿ ಕಾಫಿಯ ವಾಸನೆಯ ಚೀಟಿ ಬಂದವು. ಖಾದಿ ಚೀಟಿಯ ಬೆಲೆ 250 ರೂಪಾಯಿ, ಕಾಫಿಯದು 100 ರೂಪಾಯಿ. ನಮಗೆ ಇವು ಇಲ್ಲದಿದ್ದರೂ ನಡೆಯುತ್ತದೆ. ಅಪ್ಪಿತಪ್ಪಿ ಸಿಕ್ಕರೆ ಮಾತ್ರ ನೀರಿಗೆ ಹಾಕಬೇಡಿ!

"ಮಾರಿದರೆ ಎಷ್ಟು ಬರುತ್ತದೆ?"

ಇದು ಎಲ್ಲರೂ ಕೇಳುವ ಪ್ರಶ್ನೆ. 1854ರ ನಾಲ್ಕು ಆಣೆಯ ಚೀಟಿಯಲ್ಲಿ ರಾಣಿಯ ತಲೆ ತಿರುಗುಮುರುಗಾಗಿ ಅಚ್ಚಾದ ಕೆಲವು ಪ್ರತಿ ಇವೆ. 1948ರ 10 ರೂಪಾಯಿಯ ಗಾಂಧಿ ಚೀಟಿಯ ಮೇಲೆ "ಸರ್ವಿಸ್" ಎಂದು ಒತ್ತಿದ್ದು ನೂರೇ ನೂರು. ಅಂಥವಕ್ಕೆ ಲಕ್ಷಗಟ್ಟಲೆ ಬೆಲೆ. ಆದರೆ ಅವು ನಮ್ಮ ತಂತಿಗೆ ಸಿಗುವುದಿಲ್ಲ. ನಮಗೆ ಸಿಗುವ ಚೀಟಿಗಳು ಲಕ್ಷ, ಕೋಟಿ ಸಂಖ್ಯೆಯಲ್ಲಿ ಅಚ್ಚಾದವು. ಮಾರಿ ಶ್ರೀಮಂತರಾಗುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಬೇರೆ ರೀತಿಯ ಲಾಭ ಉಂಟು. ಅಂಚೆ ಇಲಾಖೆ 2017ರಲ್ಲಿ "ದೀನದಯಾಳ್ ಸ್ಪರ್ಶ್" ಎಂಬ ವಿದ್ಯಾರ್ಥಿವೇತನ ಶುರು ಮಾಡಿತು. 6ರಿಂದ 9ನೇ ತರಗತಿಯವರಿಗೆ, ವರ್ಷಕ್ಕೆ 6000 ರೂಪಾಯಿ. ಶಾಲೆಯಲ್ಲಿ ಅಂಚೆಚೀಟಿ ಸಂಘ ಇರಬೇಕು, ಇಲ್ಲವೇ ವಿದ್ಯಾರ್ಥಿಯ ಹೆಸರಿನಲ್ಲಿ ಅಂಚೆ ಇಲಾಖೆಯ ಚೀಟಿ ಸಂಗ್ರಹ ಖಾತೆ ಇರಬೇಕು. ರಸಪ್ರಶ್ನೆ ಮತ್ತು ಚೀಟಿಯ ಬಗ್ಗೆ ಪ್ರಾಜೆಕ್ಟು ಮಾಡಿದವರಲ್ಲಿ ಆಯ್ಕೆ. ನಾನು 10ನೇ ತರಗತಿ, ನನ್ನ ಸರದಿ ದಾಟಿತು. ಆದರೆ 6, 7, 8ರ ತಮ್ಮ ತಂಗಿಯರೇ, ನಿಮ್ಮದು ದಾಟಿಲ್ಲ. ಮುಖ್ಯ ಗುರುಗಳು ಒಪ್ಪಿದರೆ ನಮ್ಮ ಶಾಲೆಯಲ್ಲೇ ಸಂಘ ಕಟ್ಟಬಹುದು. ಈ ವರ್ಷದ ನಿಯಮ ಏನೆಂದು ಹೆಡ್ ಪೋಸ್ಟ್ ಆಫೀಸಿನಲ್ಲಿ ಕೇಳಿಕೊಳ್ಳೋಣ.

ಈಗಲೇ ಯಾಕೆ?

ಯಾಕೆಂದರೆ ಚೀಟಿ ಅಂಟಿಸಿದ ಕವರು ನಮ್ಮ ಕಣ್ಣೆದುರೇ ಕಡಿಮೆಯಾಗುತ್ತಿದೆ. ಕ್ಷೇಮ ಸಮಾಚಾರ ಮೊಬೈಲಿಗೆ ಹೋಯಿತು. ಕೌಂಟರಿನಲ್ಲಿ ಕೊಟ್ಟ ಕವರಿಗೆ ಕಂಪ್ಯೂಟರಿನ ಬಿಳಿ ಪಟ್ಟಿ ಅಂಟುತ್ತದೆ. 2025ರಲ್ಲಿ ರಿಜಿಸ್ಟರ್ ಪೋಸ್ಟ್ ಎಂಬ ಹಳೆಯ ಸೇವೆಯೂ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಹೊಸ ಚೀಟಿಗಳು ಇನ್ನೂ ಬರುತ್ತಿವೆ, ಆದರೆ ಮುದ್ರೆ ಬಿದ್ದು ಊರು ಸುತ್ತಿ ಬಂದ ಚೀಟಿ ಅಪರೂಪ ಆಗುತ್ತಿದೆ.

ಇನ್ನೊಂದು ಕಾರಣ ನಮ್ಮ ಮನೆಯದೇ. ದೀಪಾವಳಿಗೆ, ಮದುವೆಗೆ ಮನೆ ಸುಣ್ಣ ಹೊಡೆಯುವಾಗ ಅಟ್ಟದ ಹಳೆಯ ಟ್ರಂಕು ಕೆಳಗಿಳಿಯುತ್ತದೆ. ಅದರೊಳಗಿನ ಕಾಗದಗಳು ನೀರೊಲೆಗೆ ಹೋಗುತ್ತವೆ. ಒಂದು ಹಂಡೆ ನೀರು ಕಾಯುವಷ್ಟರಲ್ಲಿ ಒಂದು ಮನೆತನದ ಐವತ್ತು ವರ್ಷದ ಟಪಾಲು ಬೂದಿ. ಹೈದರಾಬಾದಿನ ಚೀಟಿ, ದೊರೆಯ ತಲೆಯ ಮೇಲಿನ "ಜೈ ಹಿಂದ್", ಐದು ಪೈಸೆಯ ಕೆಂಪು ಚೀಟಿ, ಇವು ನಮ್ಮೂರಲ್ಲಿ ಇದ್ದರೆ ಅಂಥ ಟ್ರಂಕಿನಲ್ಲೇ ಇರುತ್ತವೆ. ಬೇರೆ ಊರಿನವರು ಬಂದು ಅವನ್ನು ಉಳಿಸುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಇವತ್ತು ಸಂಜೆ ಮನೆಗೆ ಹೋಗಿ ಅಜ್ಜ, ಅಜ್ಜಿ, ದೊಡ್ಡವ್ವ ಯಾರಿದ್ದರೂ ಕೇಳಿ: "ಹಳೇ ಕಾಗದ ಎಲ್ಲಿವೆ?" ಸುಡುವುದಿದ್ದರೆ ಸುಡುವ ಮುಂಚೆ ಒಮ್ಮೆ ನೋಡೋಣ ಎನ್ನಿ. ನಿಮಗೆ ಬೇಡವಾದರೆ ನನಗೆ ಕೊಡಿ. ಆಲ್ಬಮ್ಮಿನಲ್ಲಿ ನಿಮ್ಮ ಮನೆಯ ಹೆಸರು ಬರೆಯುತ್ತೇನೆ. ನಿಮಗೇ ಬೇಕೆನಿಸಿದರೆ ಇನ್ನೂ ಸಂತೋಷ, ಒಂದರ ಬದಲು ಎರಡು ಆಲ್ಬಂ ಆದವು.

ಕೊನೆಗೆ ಮೂರು ಪ್ರಶ್ನೆ (ಉತ್ತರ ಮುಂದಿನ ಸಂಚಿಕೆಯಲ್ಲಿ):

ಅ) ಗೋಳಗುಮ್ಮಟದ 6 ಆಣೆಯ ಚೀಟಿಗೆ ನಯಾ ಪೈಸೆಯ ಲೆಕ್ಕದಲ್ಲಿ ಎಷ್ಟು ಬೆಲೆ?
ಆ) "ಹೆಲ್ವೆಟಿಯಾ" ಎಂದು ಬರೆದಿರುವ ಚೀಟಿ ಯಾವ ದೇಶದ್ದು? (ಸುಳಿವು: ಗಾಂಧೀಜಿಯವರ 1948ರ ಚೀಟಿ ಅಲ್ಲೇ ಅಚ್ಚಾಯಿತು.)
ಇ) ನಿಮ್ಮ ಮನೆಯಲ್ಲಿ ಇರುವ ಅತಿ ಹಳೆಯ ಅಂಚೆ ಮುದ್ರೆ ಯಾವ ವರ್ಷದ್ದು?

ಮೂರನೆಯ ಉತ್ತರ ನನಗೂ ಗೊತ್ತಿಲ್ಲ. ನೀವೇ ಹುಡುಕಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿ.

ನಿಮ್ಮ ಶಾಲೆಯ ಗೆಳೆಯ,
10ನೇ ತರಗತಿ